ಕಾಲುವೆ ಅಲ್ಲ ಅವ್ವಾ, ಕಾಲುವಾ

ವಿರಾಜಪೇಟೆಯಿಂದ ಹೊನೊಲುಲುವಿಗೆ ಬಂದು ಇನ್ನೂ ಮೂರು ದಿನ ಆಗಿರಲಿಲ್ಲ. ಅವ್ವ ಫ್ರಿಜ್ ತೆಗೆದು ನೋಡಿದವಳೇ, "ಏನೇ ಇದು, ಪಂದಿ ಮಾಂಸಕ್ಕೆ ಬರೀ ಉಪ್ಪು ಸವರಿ ಇಟ್ಟಿದ್ದೀಯ? ಕರಿಮೆಣಸು ಎಲ್ಲಿ? ಕಾಚಂಪುಳಿ ಎಲ್ಲಿ?" ಎಂದು ಕೇಳಿದಳು.

"ಇದು ಇಲ್ಲಿಯವರ ಅಡುಗೆ ಅವ್ವಾ, ಕಾಲುವಾ ಅಂತಾರೆ."

"ಕಾಲುವೆಯಾ?"

ನಗು ಬಂತು. ಆದರೆ ಅವ್ವ ತೀರಾ ತಪ್ಪೇನೂ ಹೇಳಲಿಲ್ಲ. ಹವಾಯಿ ಭಾಷೆಯಲ್ಲಿ ಲುವಾ ಅಂದರೆ ಗುಂಡಿ. ನೆಲ ಅಗೆದು, ಕಟ್ಟಿಗೆ ಉರಿಸಿ, ಜ್ವಾಲಾಮುಖಿಯ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮೇಲೆ ಜಜ್ಜಿದ ಬಾಳೆದಿಂಡು ಹಾಸಿ ಇಡೀ ಹಂದಿಯನ್ನು ಮಲಗಿಸುತ್ತಾರೆ. ಅದರ ಮೇಲೆ ಟೀ ಎಲೆ, ಬಾಳೆಎಲೆ, ಒದ್ದೆ ಗೋಣಿ, ಕೊನೆಗೆ ಮಣ್ಣು. ಗಂಟೆಗಟ್ಟಲೆ ಹಬೆಯಲ್ಲೇ ಬೇಯಬೇಕು. (ಈ ಟೀ ಎಲೆಗೂ ನಮ್ಮ ಚಹಾಕ್ಕೂ ಸಂಬಂಧವಿಲ್ಲ, ಅದು ಅಗಲ ಎಲೆಯ ಬೇರೆಯೇ ಗಿಡ.) ಈ ನೆಲದೊಲೆಗೆ ಇಮು ಎಂದು ಹೆಸರು. ಉರಿಸುವುದು ಹೆಚ್ಚಾಗಿ ಕಿಯಾವೆ ಕಟ್ಟಿಗೆ. 1828ರಲ್ಲಿ ಇಲ್ಲಿಯ ಕ್ಯಾಥೊಲಿಕ್ ಮಿಷನ್ನಿನವರು ನೆಟ್ಟ ಮರ ಅದು, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಮುಳ್ಳೂ ಹಾಗೇ ಇದೆ, ಹಠವೂ ಹಾಗೇ ಇದೆ.

ಬಾಡಿಗೆ ಮನೆಯ ಅಂಗಳದಲ್ಲಿ ಗುಂಡಿ ತೋಡಿದರೆ ಮಾಲೀಕರು ಬಿಟ್ಟಾರೆಯೇ? ಹಾಗಾಗಿ ಇಲ್ಲಿ ಮನೆಮನೆಯಲ್ಲೂ ಓವನ್ನೇ ಇಮು. ಹೊಗೆಯ ವಾಸನೆಗೆ ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ, ಲಿಕ್ವಿಡ್ ಸ್ಮೋಕ್. ಮೊದಲ ಸಲ ಧಾರಾಳವಾಗಿ ಸುರಿದುಬಿಟ್ಟಿದ್ದೆ. ಪಕ್ಕದ ಮನೆ ಆಂಟಿ (ಇಲ್ಲೂ ಹಿರಿಯ ಹೆಂಗಸರನ್ನೆಲ್ಲ ಆಂಟಿ ಎಂದೇ ಕರೆಯುತ್ತಾರೆ) ಒಂದು ತುತ್ತು ತಿಂದು, "ಮನೆಗೆ ಬೆಂಕಿ ಬಿದ್ದಿತ್ತಾ?" ಅಂದಿದ್ದರು. ಈಗ ಎರಡು ಕಿಲೋಗೆ ಒಂದೇ ದೊಡ್ಡ ಚಮಚ.

ಮಾಂಸ ಹಂದಿಯ ಭುಜದ್ದೇ ಆಗಬೇಕು, ಕೊಬ್ಬು ಸಮೇತ. ಕೊಬ್ಬಿಲ್ಲದ ತುಂಡು ತಂದರೆ ತೆಂಗಿನ ನಾರು ಅಗಿದಂತಾಗುತ್ತದೆ. ಎರಡು ಕಿಲೋ ತುಂಡಿಗೆ ಚಾಕುವಿನಿಂದ ಅಲ್ಲಲ್ಲಿ ಚುಚ್ಚಿ, ಒಂದೂವರೆ ದೊಡ್ಡ ಚಮಚ ಹರಳುಪ್ಪು ಸವರಿ. ಇಲ್ಲಿ ಕೆಮ್ಮಣ್ಣು ಬೆರೆಸಿದ ಅಲಾಯಾ ಎಂಬ ಉಪ್ಪೂ ಇದೆ, ನಮ್ಮ ಕಲ್ಲುಪ್ಪೂ ನಡೆಯುತ್ತದೆ. ಅವ್ವನ ಬಿಪಿ ನೆನೆದು ನಾನು ಒಂದೇ ಚಮಚ ಹಾಕಿದೆ. ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಬಿಗಿದು, 160 ಡಿಗ್ರಿಯಲ್ಲಿ ಐದು ಗಂಟೆ. ಓವನ್ ಇಲ್ಲದವರು ದೊಡ್ಡ ತುಂಡು ಮಾಡಿ ಕುಕ್ಕರಿನಲ್ಲಿ ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಿಸಿ. ಫೋರ್ಕ್ ಇಟ್ಟರೆ ಎಳೆ ಎಳೆಯಾಗಿ ಬಿಡಬೇಕು, ಬಿಡದಿದ್ದರೆ ಇನ್ನಷ್ಟು ಹೊತ್ತು. ಬಾಟಲಿ ಸಿಗದ ಊರಿನಲ್ಲಿ, ಬೆಂದ ಮಾಂಸದ ನಡುವೆ ಸಣ್ಣ ಬಟ್ಟಲಿಟ್ಟು ಅದಕ್ಕೊಂದು ಕೆಂಡ ಹಾಕಿ, ಎರಡು ಹನಿ ಕೊಬ್ಬು ಬಿಟ್ಟು ಹತ್ತು ನಿಮಿಷ ಮುಚ್ಚಿಡಿ. ನನಗೆ ಇದೇ ಹೆಚ್ಚು ಇಷ್ಟ.

ಎಲೆಕೋಸು ಕೊನೆಯಲ್ಲಿ. ಒಂದು ಮಧ್ಯಮ ಗಾತ್ರದ್ದು, ಪಲ್ಯಕ್ಕೆ ಹೆಚ್ಚುವಂತೆ ಸಣ್ಣಗೆ ಬೇಡ, ದಪ್ಪಕ್ಕೇ ಇರಲಿ. ಮಾಂಸ ಬಿಟ್ಟುಕೊಂಡ ರಸದಲ್ಲೇ ಎಂಟು ಹತ್ತು ನಿಮಿಷ ಬೆಂದರೆ ಸಾಕು. ಆ ಉಪ್ಪನ್ನು ತಡೆಯುವುದೇ ಕೋಸಿನ ಸಿಹಿ.

ಬೇಯುತ್ತಿರುವಾಗ ಅವ್ವನಿಗೆ ಕಥೆ ಹೇಳಿದೆ. ಹಳೆಯ ಹವಾಯಿಯಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಉಣ್ಣುವಂತಿರಲಿಲ್ಲ. ಹೆಂಗಸರಿಗೆ ಹಂದಿ ಮಾಂಸ, ತೆಂಗು, ಬಹುಪಾಲು ಬಾಳೆಹಣ್ಣು ನಿಷಿದ್ಧ. ಇಬ್ಬರಿಗೂ ಬೇರೆ ಬೇರೆ ಇಮು. ಅಡುಗೆ ಮಾಡುತ್ತಿದ್ದವರು ಮಾತ್ರ ಗಂಡಸರೇ! ರಾಜ ಮೊದಲನೇ ಕಮೆಹಮೆಹ 1819ರಲ್ಲಿ ತೀರಿಕೊಂಡ. ಅವನ ರಾಣಿಯರಾದ ಕಆಹುಮನು, ಕೆಓಪುಓಲಾನಿ ಇಬ್ಬರೂ ಒತ್ತಾಯಿಸಿದ ಮೇಲೆ, ಅದೇ ವರ್ಷ ಹೊಸ ರಾಜ ಲಿಹೊಲಿಹೊ ಎಲ್ಲರೆದುರು ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಕಟ್ಟಳೆ ಅಲ್ಲಿಗೆ ಮುರಿಯಿತು.

ಅವ್ವ ಕೋಸು ಹೆಚ್ಚುವುದನ್ನು ನಿಲ್ಲಿಸಿದಳು. "ಆಮೇಲೆ ಏನೂ ಆಗಲಿಲ್ವಾ?"

"ಜಗಳ ಆಯ್ತು, ಯುದ್ಧವೇ ಆಯ್ತು. ಕಟ್ಟಳೆ ಮಾತ್ರ ತಿರುಗಿ ಬರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನಪ್ಪನ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಹದಿನಾಲ್ಕು ಜನಕ್ಕೆ ಬಡಿಸಿ ಕೂರುವಾಗ ಪಾತ್ರೆಯಲ್ಲಿ ಉಳಿದಿರ್ತಿದ್ದದ್ದು ಮೂಳೆ, ಗ್ರೇವಿ. ಯಾರೂ ಬೇಡ ಅನ್ನಲಿಲ್ಲ ಬಿಡು. ಉಳಿದಿದೆಯಾ ಅಂತಲೂ ಕೇಳಲಿಲ್ಲ" ಎಂದಳು. ಐವತ್ತು ವರ್ಷದಲ್ಲಿ ನಾನೂ ಕೇಳಿದವಳಲ್ಲ. ನನ್ನ ತಟ್ಟೆಗೆ ಮೆತ್ತನೆ ತುಂಡು ಬೀಳುತ್ತಿತ್ತು, ನಾನು ಎದ್ದು ಆಡಲು ಓಡುತ್ತಿದ್ದೆ.

ಆ ರಾತ್ರಿ ಬಡಿಸಿದ್ದು ನನ್ನ ಗಂಡ. ಇಲ್ಲಿಯ ರೂಢಿಯಂತೆ ತಟ್ಟೆಗೆ ಎರಡು ಗುಂಡು ಅನ್ನ, ಪಕ್ಕದಲ್ಲಿ ಮೆಕರೋನಿ ಸಲಾಡ್, ಮಧ್ಯೆ ಕಾಲುವಾ. ಅವ್ವ ಎರಡು ಸಲ ಎದ್ದಳು, ಎರಡು ಸಲವೂ ಅವನು "ಕೂತ್ಕೊಳ್ಳಿ ಅತ್ತೆ" ಅಂದ. ಮೂರನೇ ಸಲ ಎದ್ದವಳು ಅವನ ಮಾತೂ ಕೇಳದೆ ಸೀದಾ ಕೋಣೆಗೆ ಹೋದಳು. ಸೂಟ್‌ಕೇಸಿನಲ್ಲಿ ಸೀರೆಯೊಳಗೆ ಸುತ್ತಿ ತಂದಿದ್ದ ಕಾಚಂಪುಳಿ ಬಾಟಲಿ ಹಿಡಿದು ಬಂದು, ತನ್ನ ತಟ್ಟೆಗೆ ನಾಲ್ಕು ಹನಿ ಬಿಟ್ಟು ಕಲಸಿ ಬಾಯಿಗಿಟ್ಟಳು.

"ಹ್ಞೂಂ, ಈಗ ಸರಿಯಾಯ್ತು. ಇನ್ನೊಂದು ಸ್ವಲ್ಪ ಹಾಕು, ಕೊಬ್ಬಿರೋದು ನೋಡಿ ಹಾಕು."