ಕೊಳ್ಳುವ ಮುಂಚೆ: ಹೆಡ್‌ಫೋನಿನ ಪೆಟ್ಟಿಗೆ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗಳಲ್ಲಿ ಸಂಗೀತವೆಂಬುದು ಗೋಡೆಯ ದಪ್ಪವನ್ನು ನೋಡಿಕೊಂಡು ಕೇಳಬೇಕಾದ ವಸ್ತು. ಒಳಕೋಣೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ಗೋಡೆಯ ಆಚೆಗೆ ನೆರೆಯವರ ಕೂಸು ಮಲಗಿರುತ್ತದೆ. ಮಲ್ಲಿಕಾರ್ಜುನ ಮನಸೂರರ ತಾನ ಎಷ್ಟೇ ಸೊಗಸಾಗಿರಲಿ, ರಾತ್ರಿ ಹತ್ತರ ಮೇಲೆ ಅದು ತಕರಾರಿಗೆ ಕಾರಣವಾಗತಕ್ಕದ್ದೇ. ಹಾಗಾಗಿ ಹೆಡ್‌ಫೋನು ಮನೆಮನೆಗೂ ಬಂದಿದೆ. ಅದರ ಬೆನ್ನಿಗೇ ಇನ್ನೊಂದು ವಸ್ತುವೂ ಬರತೊಡಗಿದೆ: ಮೇಜಿನ ಮೇಲಿಡುವ, ಊಟದ ಡಬ್ಬಿಯಷ್ಟು ಗಾತ್ರದ, ಮುಂದುಗಡೆ ಒಂದು ಗುಂಡಿಯುಳ್ಳ ಲೋಹದ ಪೆಟ್ಟಿಗೆ. ಡ್ಯಾಕ್ ಎಂದೂ ಆಂಪ್ಲಿಫಯರ್ ಎಂದೂ ಇದಕ್ಕೆ ಜೋಡು ಹೆಸರು. ಬೆಲೆ ಕೆಲವು ಸಾವಿರದಿಂದ ಹಿಡಿದು ಲಕ್ಷದ ಆಚೆಗೂ ಹೋಗುವುದುಂಟು. ಇದನ್ನು ತೂಗಿ ನೋಡುವ ಬಗೆಯನ್ನು ಈ ಸಲ ವಿಚಾರಿಸೋಣ.

ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಹಾಡು ಇರುವುದು ಅಂಕೆಗಳ ಸಾಲಾಗಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂಡಿಸುತ್ತಾರೆ. ಈ ಅಂಕೆಗಳನ್ನು ಏರಿಳಿಯುವ ವಿದ್ಯುತ್ತಾಗಿ ಮಾಡುವುದು ಡ್ಯಾಕ್. ಆ ವಿದ್ಯುತ್ತಿಗೆ ಹೆಡ್‌ಫೋನನ್ನು ನುಡಿಸುವಷ್ಟು ಕಸುವು ಕೊಡುವುದು ಆಂಪ್ಲಿಫಯರ್. ಇವೆರಡೂ ನಿಮ್ಮ ಕಂಪ್ಯೂಟರಿನೊಳಗೆ ಆಗಲೇ ಇವೆಯೆಂಬುದನ್ನು ಅಂಗಡಿಯವನು ತಾನಾಗಿ ಹೇಳುವುದಿಲ್ಲ. ತಂತಿಯಿಲ್ಲದ ಹೆಡ್‌ಫೋನಿನ ಹೊಟ್ಟೆಯಲ್ಲಿಯೂ ಎರಡೂ ಇರುತ್ತವೆ; ಅಂಥದನ್ನು ಬಳಸುವವರು ಇಲ್ಲಿಗೇ ನಿಲ್ಲಿಸಿ ಅಡಿಗೆಯ ಪುಟಕ್ಕೆ ಹೋಗಬಹುದು.

ನನ್ನ ಸೋದರಳಿಯ ಇಂಥದೊಂದು ಪೆಟ್ಟಿಗೆಯನ್ನು ತನ್ನ ತಂದೆಗೆಂದು ತಂದ. ಭಾವನವರಿಗೆ ಎಪ್ಪತ್ತು ದಾಟಿದೆ. ಹಾಡು ಕೇಳಿಸಿದರೂ ಸಾಹಿತ್ಯ ತಿಳಿಯುವುದಿಲ್ಲವೆಂದು ಅವರ ದೂರು. ಅಳಿಯ ಮೊದಲು ನನಗೆ ತೋರಿಸಿ, “ಮಾಮಾ, ಪರದಾ ಸರಿಸಿದಂಗ ಆಗೇತಿ, ಕೇಳ್ರಿ” ಎಂದ. ಭೀಮಸೇನ ಜೋಶಿಯವರ ಹಾಡು. ತಂಬೂರಿ ಹತ್ತಿರ ಬಂದು ಕುಳಿತಂತೆ ಇದ್ದುದೇನೋ ನಿಜ. ಆದರೆ ಪೆಟ್ಟಿಗೆಯ ಧ್ವನಿ ಕಂಪ್ಯೂಟರಿನದಕ್ಕಿಂತ ಒಂದು ಕೂದಲೆಳೆ ದೊಡ್ಡದಿದ್ದಿತು. ಎರಡರಲ್ಲಿ ತುಸು ದೊಡ್ಡ ಧ್ವನಿ ಕಿವಿಗೆ ದೊಡ್ಡದೆಂದು ತೋರುವುದಿಲ್ಲ, ಚೆನ್ನಾಗಿದೆಯೆಂದೇ ತೋರುತ್ತದೆ. ಈ ವ್ಯಾಪಾರದ ಅರ್ಧ ಮಹಿಮೆಯೆಲ್ಲ ಇಷ್ಟರಲ್ಲಿಯೇ ಅಡಗಿದೆ. “ಮೊದಲು ಸಮ ಮಾಡೂಣಪಾ” ಎಂದೆ.

ಸಮ ಮಾಡಲು ಮಲ್ಟಿಮೀಟರೊಂದು ಸಾಕು. 300 ಹರ್ಟ್ಸಿನ ಒಂದೇ ಸ್ವರವನ್ನು ಹಚ್ಚಿ, ಹೆಡ್‌ಫೋನು ಜೋಡಿಸಿದಂತೆಯೇ ಇಟ್ಟು, ಎರಡು ಕಡೆಯ ಎ.ಸಿ. ವೋಲ್ಟನ್ನು ಅಳೆದು, ನೂರಕ್ಕೆ ಒಂದಕ್ಕಿಂತ ಹೆಚ್ಚು ಅಂತರ ಬಾರದಂತೆ ಗುಂಡಿಯನ್ನು ತಿರುಗಿಸಬೇಕು. ಆಗ ಅಂತರ ಡೆಸಿಬಲ್ಲಿನ ಹತ್ತರಲ್ಲೊಂದು ಪಾಲಿಗಿಂತ ಕೆಳಗಿಳಿಯುತ್ತದೆ. ಆಮೇಲೆ ಕೇಳುವವನು ಬೆನ್ನು ತಿರುಗಿಸಿ ಕೂಡತಕ್ಕದ್ದು. ಇನ್ನೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಪೆಟ್ಟಿಗೆಗೋ ಕಂಪ್ಯೂಟರಿಗೋ ತಂತಿ ಸಿಕ್ಕಿಸಬೇಕು. ಬದಲಾಯಿಸದಿದ್ದಾಗಲೂ ಕಿತ್ತು ಮತ್ತೆ ಸಿಕ್ಕಿಸಬೇಕು, ಇಲ್ಲವಾದರೆ ಸಪ್ಪಳವೇ ಗುಟ್ಟನ್ನು ಹೇಳಿಬಿಡುತ್ತದೆ. ಹೀಗೆ 16 ಸಲ. ಬರಿಯ ಊಹೆಯಿಂದಲೇ ಎಂಟರ ಆಸುಪಾಸು ಸರಿಯಾಗುತ್ತವೆ. 12 ಅಥವಾ ಮೇಲೆ ಸರಿಯಾಗುವುದು ಊಹೆಯಿಂದಾದರೆ ನೂರಕ್ಕೆ ನಾಲ್ಕು ಸಲವೂ ಇಲ್ಲ. ನಮ್ಮ ಮನೆಯವರು ನಾಣ್ಯ ಚಿಮ್ಮಿದರು. ಅಳಿಯನಿಗೆ ಮೊದಲ ಸುತ್ತಿನಲ್ಲಿ 9 ಸರಿಯಾದುವು, ಎರಡನೆಯದರಲ್ಲಿ 7. “ಇವತ್ತ ನೆಗಡಿ ಆಗೇತ್ರಿ, ಮಾಮಾ” ಎಂದ.

ಅವನ ನೆಗಡಿಗೆ ಒಳ್ಳೆಯ ಜೊತೆಯಿದೆ. ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಿ.ಡಿ.ಗಿಂತ ಮೇಲ್ತರದ ತಟ್ಟೆಯ ಸಂಗೀತವನ್ನು ನೇರವಾಗಿ ಒಮ್ಮೆ, ಸಿ.ಡಿ. ಅಳತೆಗೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದವು 276. ಲಂಡನ್ನಿನ ಜೋಶುವಾ ರೀಸ್ 2016ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52.3 ಸರಿಯಾಗಿದ್ದುವು, ಪಳಗಿದ ಕಿವಿಗಳಿಗೆ ಇನ್ನೂ ಕೆಲವು. ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲವೆನ್ನಲಾಗದು, ಆದರೆ ಅದಕ್ಕಾಗಿ ಪಿಂಚಣಿಯ ಹಣ ತೆಗೆಯುವಷ್ಟಂತೂ ಅಲ್ಲ.

ಹಾಗಾದರೆ ಪೆಟ್ಟಿಗೆ ವ್ಯರ್ಥವೆ? ಅಲ್ಲ. ಕೆಲವು ಕಂಪ್ಯೂಟರುಗಳಲ್ಲಿ ಇಲಿಯನ್ನು ಸರಿಸಿದೊಡನೆ ಹೆಡ್‌ಫೋನಿನಲ್ಲಿ ಚಿರಿಚಿರಿ ಸದ್ದಾಗುತ್ತದೆ. ಅಂಥಲ್ಲಿ ಇದು ದೊಡ್ಡ ಉಪಕಾರ. ಪರೀಕ್ಷಿಸುವಾಗ ಹಾಡು ಹಚ್ಚಬೇಡಿರಿ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸಿನದು. ಅದರ ಗುಂಯ್ ಸದ್ದು 50, 100ರಲ್ಲಿ ಎದ್ದು ತಂಬೂರಿಯ ಹಿಂದೆ ಜಾಣತನದಿಂದ ಅವಿತುಕೊಳ್ಳುತ್ತದೆ. ಗುಂಡಿಯನ್ನು ವಾಡಿಕೆಯ ಜಾಗದಲ್ಲಿಟ್ಟು ಮೌನವನ್ನೇ ಕೇಳಬೇಕು.

ಕಸುವಿನ ಲೆಕ್ಕವೂ ಸುಲಭ. 300 ಓಮಿನ ಸೆನ್‌ಹೈಸರ್ ಎಚ್.ಡಿ. 600 ಒಂದು ವೋಲ್ಟಿಗೆ 97 ಡೆಸಿಬಲ್ ನುಡಿಯುತ್ತದೆ. 77ರಲ್ಲಿ ಕೇಳಲು ವೋಲ್ಟಿನ ಹತ್ತನೆಯ ಒಂದು ಪಾಲು ಸಾಕು. ತಾನ 20 ಡೆಸಿಬಲ್ ಮೇಲೇರಿದರೂ ಒಂದು ವೋಲ್ಟು. ಎರಡು ವೋಲ್ಟು ಕೊಡುವ ಪೆಟ್ಟಿಗೆ ಧಾರಾಳವಾಯಿತು. ವ್ಯಾಟುಗಳ ಜಂಬ ಕೊಚ್ಚುವುದೆಲ್ಲ ಟಾಂಗಾಕ್ಕೆ ಲಾರಿಯ ಎಂಜಿನ್ ಕೂಡಿಸಿದಂತೆ. 32 ಓಮಿನ ಹೆಡ್‌ಫೋನಾದರೆ ಇನ್ನೊಂದನ್ನು ನೋಡಿರಿ: ಪೆಟ್ಟಿಗೆಯ ಔಟ್‌ಪುಟ್ ಇಂಪೆಡನ್ಸ್ 4 ಓಮಿಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಮಂದ್ರದ ಸ್ವರಗಳ ತೂಕ ಬದಲಾದೀತು. ಇದನ್ನು ಮುದ್ರಿಸದ ಕಂಪನಿಯ ಮೇಲೆ ನನಗೆ ಗುಮಾನಿ. ಅಗ್ಗದಲ್ಲಿಯೂ ಅಚ್ಚುಕಟ್ಟು ಸಾಧ್ಯವೆಂಬುದಕ್ಕೆ ಒಂದು ಸೋಜಿಗದ ಕತೆಯಿದೆ: ಹೆಸರು ಹೇಳದ ಒಬ್ಬ ಎಂಜಿನಿಯರನು 2011ರಲ್ಲಿ ‘ಆಬ್ಜೆಕ್ಟಿವ್ 2’ ಎಂಬ ಆಂಪ್ಲಿಫಯರಿನ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಪ್ರಕಟಿಸಿ, ಮರುವರ್ಷವೇ ಸದ್ದಿಲ್ಲದೆ ಮಾಯವಾದ.

ಇನ್ನು ಭಾವನವರ ವಿಷಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರದ ಧ್ವನಿಗಳನ್ನು. ಸ, ಶ, ಫ ಮೊದಲಾದುವು ಮಸುಕಾಗಿ, ಮಾತು ಕೇಳಿಸಿಯೂ ತಿಳಿಯದಂತಾಗುತ್ತದೆ. ಯಾವ ಡ್ಯಾಕೂ ಇದನ್ನು ಮರಳಿ ಕೊಡದು. ಅವರು ಮಾಡುತ್ತಿದ್ದುದು ಗುಂಡಿಯನ್ನು ಮೇಲೆ ಮೇಲೆ ತಿರುಗಿಸುವುದು. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಕಸುವುಳ್ಳ ಪೆಟ್ಟಿಗೆ ಅದನ್ನು ದಾಟಿಸಲು ಅನುಕೂಲವಷ್ಟೆ. ಅಕ್ಕ ಪಟ್ಟು ಹಿಡಿದು ಅವರನ್ನು ಶ್ರವಣ ಪರೀಕ್ಷೆಗೆ ಕರೆದೊಯ್ದಳು. ಈಗ ಎರಡೂ ಕಿವಿಗೆ ಯಂತ್ರ ಬಂದಿದೆ. ಪೆಟ್ಟಿಗೆ ಅಳಿಯನ ಮೇಜಿನ ಮೇಲಿದೆ. ಅದರ ಗುಂಡಿ ತಿರುಗಿಸುವುದು ಬಲು ಹಿತವಂತೆ.