ಐದು ವರ್ಷದ ಸಾಕ್ಷಿಯೂ ಬೇಸ್‌ಬಾಲಿನ ಚರಿತ್ರೆಯೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜನರು ತಮ್ಮ ರಾಷ್ಟ್ರೀಯ ಕ್ರೀಡೆಯೆಂದು ಹೆಮ್ಮೆಪಡುವ ಬೇಸ್‌ಬಾಲ್ ಆಟವನ್ನು 1839ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಗ್ರಾಮದಲ್ಲಿ ಆಬ್ನರ್ ಡಬಲ್‌ಡೇ ಎಂಬುವನು ಕಲ್ಪಿಸಿದನೆಂಬ ಕಥೆ ಇಂದಿಗೂ ಪೂರ್ಣವಾಗಿ ಸತ್ತಿಲ್ಲ. ಅದು ಸುಳ್ಳೆಂಬುದನ್ನು ವಿದ್ವಾಂಸರು ಒಪ್ಪಿ ಬಹುಕಾಲವಾಯಿತು. ಆದರೆ ಒಪ್ಪಿದವರಲ್ಲಿಯೇ ಕೆಲವರು, "ಆಟದ ವಿಷಯವಷ್ಟೆ! ಮಕ್ಕಳಿಗೆ ಹೇಳಲು ಅಂದವಾದ ಕಥೆ, ಇದ್ದುಕೊಂಡು ಹೋಗಲಿ" ಎನ್ನುವರು. ಈ ಔದಾರ್ಯವು ಪರರ ಸೊತ್ತಿನಿಂದ ದಾನಮಾಡುವವರ ಔದಾರ್ಯವೇ ಸರಿ. ಈ ಕಥೆ ಮೆರೆದಷ್ಟು ಕಾಲವೂ ಆಟವನ್ನು ನಿಜವಾಗಿ ಆಡಿದವರ, ಅದನ್ನು ಬರೆದಿಟ್ಟವರ ಹೆಸರುಗಳು ಮೂಲೆಯಲ್ಲಿ ಬಿದ್ದಿದ್ದುವೆಂಬುದನ್ನು ಅವರು ಲೆಕ್ಕಿಸುವುದಿಲ್ಲ.

ಕಥೆ ಹುಟ್ಟಿದ ಬಗೆಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಾಕ್ಕೆ ಬಂದ ಪತ್ರಿಕಾಲೇಖಕ ಹೆನ್ರಿ ಚಾಡ್ವಿಕ್ಕನು, ಬೇಸ್‌ಬಾಲು ಆಂಗ್ಲ ಬಾಲಕರ ರೌಂಡರ್ಸ್ ಆಟದ ಸಂತತಿಯೆಂದು 1860ರಿಂದಲೂ ಬರೆಯುತ್ತಿದ್ದನು. ಹಿಂದೆ ಪ್ರಸಿದ್ಧ ಆಟಗಾರನಾಗಿದ್ದು ಅನಂತರ ಆಟದ ಸಾಮಾನುಗಳ ದೊಡ್ಡ ವರ್ತಕನಾದ ಆಲ್ಬರ್ಟ್ ಸ್ಪಾಲ್ಡಿಂಗನಿಗೆ ಇದು ಸಹಿಸಲಿಲ್ಲ. ಅವನ ಪ್ರೇರಣೆಯಿಂದ 1905ರಲ್ಲಿ ಏಳು ಜನರ ವಿಚಾರಣಾ ಮಂಡಲಿ ಏರ್ಪಟ್ಟಿತು. ಅದರಲ್ಲಿ ರಾಜಕಾರಣಿಗಳಿದ್ದರು, ವರ್ತಕರಿದ್ದರು, ಹಳೆಯ ಆಟಗಾರರಿದ್ದರು, ಇತಿಹಾಸಜ್ಞನೊಬ್ಬನೂ ಇರಲಿಲ್ಲ. ಆ ವರ್ಷವೇ ಆಬ್ನರ್ ಗ್ರೇವ್ಸ್ ಎಂಬ ಗಣಿಯ ಇಂಜಿನಿಯರನು ಓಹಯೋ ಸಂಸ್ಥಾನದ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಡಬಲ್‌ಡೇಯು ಈ ಆಟವನ್ನು ಕಲ್ಪಿಸಿದುದನ್ನು ತಾನು ಬಲ್ಲೆನೆಂದನು. ಯಾವ ವರ್ಷವೆಂದು ಕೇಳಿದುದಕ್ಕೆ ಮೂರು ವರ್ಷಗಳನ್ನು ಹೇಳಿ ಒಂದನ್ನು ಆರಿಸಿಕೊಳ್ಳಲು ಬಿಟ್ಟನು. ಮಂಡಲಿಯ ಅಧ್ಯಕ್ಷ ಮಿಲ್ಸ್ ಮಹಾಶಯನು 1907ರ ಕೊನೆಯಲ್ಲಿ ಬರೆದ ವರದಿಯಲ್ಲಿ 1839ನ್ನು ಆರಿಸಿದನು. ಅದು ಸ್ಪಾಲ್ಡಿಂಗನ ವಾರ್ಷಿಕ ಪುಸ್ತಕದಲ್ಲಿಯೇ ಅಚ್ಚಾಯಿತು. ತೀರ್ಪು ಮೊದಲು, ವಿಚಾರಣೆ ಆಮೇಲೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನ್ಯಾಯಶಾಸ್ತ್ರವು ಶಬ್ದಪ್ರಮಾಣವನ್ನು ಒಪ್ಪುವಾಗ ಒಂದು ಕಟ್ಟನ್ನು ಹಾಕಿರುವುದು: ಹೇಳುವವನು ಆಪ್ತನಾಗಿರಬೇಕು, ವಿಷಯವನ್ನು ಯಥಾರ್ಥವಾಗಿ ತಿಳಿದು, ತಿಳಿದಂತೆಯೇ ನುಡಿಯುವವನಾಗಿರಬೇಕು. ಗ್ರೇವ್ಸನು ಹುಟ್ಟಿದುದು 1834ರಲ್ಲಿ. ಐದು ವರ್ಷದ ಬಾಲಕನು ಕಂಡುದನ್ನು ಅರವತ್ತಾರು ವರ್ಷಗಳ ತರುವಾಯ ನೆನಸಿಕೊಂಡು ಹೇಳಿದ ಮಾತು ಆಪ್ತವಾಕ್ಯವಾಗುವುದಾದರೆ ಅಜ್ಜಿಕಥೆಗಳೆಲ್ಲವೂ ಶ್ರುತಿಯಾಗಬೇಕಾದೀತು. ಡಬಲ್‌ಡೇಯಾದರೋ 1838ರಲ್ಲಿಯೇ ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯನ್ನು ಸೇರಿ 1842ರವರೆಗೂ ಅಲ್ಲಿಯ ವಿದ್ಯಾರ್ಥಿಯಾಗಿದ್ದನು. ಅವನು ಮೂಕನೂ ಅಲ್ಲ. ಅಂತರ್ಯುದ್ಧದ ವಿಷಯವಾಗಿ ಎರಡು ಗ್ರಂಥಗಳನ್ನು ಬರೆದವನು. ಬ್ಲಾವಟ್ಸ್ಕಿ, ಆಲ್ಕಾಟ್ ಇವರು 1878ರಲ್ಲಿ ಭಾರತಕ್ಕೆ ಹೊರಟಾಗ ಅಮೆರಿಕಾದ ಥಿಯಾಸಫಿಕಲ್ ಸೊಸೈಟಿಯನ್ನು ನೋಡಿಕೊಳ್ಳುವ ಭಾರವೂ ಅವನ ಮೇಲೆಯೇ ಬಿದ್ದಿತ್ತು. ಅಡ್ಯಾರಿನ ಹೆಸರನ್ನು ಬಲ್ಲ ವಾಚಕರು ಈ ಪುರುಷನಿಗೆ ಗೌರವವನ್ನು ಸಲ್ಲಿಸಲು ಚೆಂಡಿನಾಟದ ನೆವ ಬೇಕಿಲ್ಲ. 1893ರಲ್ಲಿ ಅವನು ಸತ್ತನು. ಆಟವನ್ನು ತಾನು ಕಲ್ಪಿಸಿದೆನೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಅವನನ್ನು ಅನೇಕ ವರ್ಷ ಬಲ್ಲವನಾಗಿದ್ದ ಮಿಲ್ಸನೂ ಅವನ ಬಾಯಿಂದ ಆ ಮಾತನ್ನು ಕೇಳಿದೆನೆಂದು ವರದಿಯಲ್ಲಿ ಬರೆಯಲಾರದೆ ಹೋದನು.

ಇನ್ನು ಲಿಖಿತ ಪ್ರಮಾಣಗಳ ಕಡೆಗೆ ತಿರುಗಬಹುದು. 1744ರಲ್ಲಿ ಲಂಡನ್ನಿನ ಪುಸ್ತಕವ್ಯಾಪಾರಿ ಜಾನ್ ನ್ಯೂಬೆರಿಯು ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕವನ್ನು ಪ್ರಕಟಿಸಿದನು. ಬೆಲೆ ಆರು ಪೆನ್ನಿ. ಇನ್ನೆರಡು ಪೆನ್ನಿ ಕೊಟ್ಟರೆ ಗಂಡುಮಗುವಿಗೆ ಚೆಂಡು, ಹೆಣ್ಣುಮಗುವಿಗೆ ಸೂಜಿ ಚುಚ್ಚುವ ದಿಂಬು. ಚೆಂಡಿನ ಒಂದು ಮೈ ಕೆಂಪು, ಒಂದು ಮೈ ಕಪ್ಪು; ಮಗು ಒಳ್ಳೆಯದನ್ನು ಮಾಡಿದರೆ ಒಂದು ಕಡೆ, ಕೆಟ್ಟುದನ್ನು ಮಾಡಿದರೆ ಇನ್ನೊಂದು ಕಡೆ ಗುಂಡುಸೂಜಿ ಚುಚ್ಚಬೇಕು. (ಉಪಾಧ್ಯಾಯರಾದವರಿಗೆ ಈ ಉಪಾಯದಲ್ಲಿ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.) ಆ ಪುಸ್ತಕದ ಒಂದು ಪುಟದಲ್ಲಿ ಬೇಸ್‌ಬಾಲ್ ಎಂಬ ಹೆಸರೂ, ಕಂಬಗಳ ಬಳಿ ನಿಂತ ಹುಡುಗರ ಚಿತ್ರವೂ ಇರುವುವು. 1755ರ ಈಸ್ಟರ್ ಸೋಮವಾರ ವಿಲಿಯಂ ಬ್ರೇ ಎಂಬ ತರುಣನು ಗಿಲ್ಡ್‌ಫರ್ಡಿನಲ್ಲಿ ಸ್ತ್ರೀಪುರುಷರೊಡನೆ ಬೇಸ್‌ಬಾಲ್ ಆಡಿದುದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಜರ್ಮನಿಯ ಗುಟ್ಸ್‌ಮುಟ್ಸ್ ಎಂಬ ಅಧ್ಯಾಪಕನು 1796ರಲ್ಲಿ ಆಟಗಳ ಮೇಲೆ ಬರೆದ ಗ್ರಂಥದಲ್ಲಿ "ಇಂಗ್ಲಿಷ್ ಬೇಸ್‌ಬಾಲ್" ಎಂದು ಹೆಸರಿಸಿ ಅದರ ನಿಯಮಗಳನ್ನೇ ವಿವರಿಸಿದನು. ಮಸಾಚುಸೆಟ್ಸ್ ಸಂಸ್ಥಾನದ ಪಿಟ್ಸ್‌ಫೀಲ್ಡ್ ಊರಿನವರು 1791ರಲ್ಲಿ, ಹೊಸ ಸಭಾಮಂದಿರದ ಕಿಟಕಿಗಳು ಒಡೆಯದಿರಲೆಂದು, ಅದರ 80 ಗಜಗಳೊಳಗೆ ಬೇಸ್‌ಬಾಲ್ ಮೊದಲಾದ ಆಟಗಳನ್ನು ಆಡಕೂಡದೆಂದು ನಿಬಂಧನೆ ಮಾಡಿದರು. ಕಲ್ಪಕನೆಂಬುವನು ಹುಟ್ಟುವುದಕ್ಕೆ 28 ವರ್ಷ ಮೊದಲೇ ಆಟಕ್ಕೆ ಪ್ರತಿಬಂಧ! ಬಂಧ್ಯಾಪುತ್ರನ ವಿವಾಹಕ್ಕಿಂತಲೂ ಇದು ಸೊಗಸು.

ಇಷ್ಟಾಗಿಯೂ 1934ರಲ್ಲಿ ಕೂಪರ್ಸ್‌ಟೌನ್ ಬಳಿಯ ಒಂದು ಹಳೆಯ ಪೆಟ್ಟಿಗೆಯಲ್ಲಿ ಹರಕು ಚೆಂಡೊಂದು ಸಿಕ್ಕಲಾಗಿ, ಐದು ಡಾಲರಿಗೆ ಕೊಂಡು ಅದನ್ನು ಡಬಲ್‌ಡೇಯ ಚೆಂಡೆಂದು ಪ್ರತಿಷ್ಠೆಮಾಡಿದರು. 1939ರ ಜೂನ್ 12ರಂದು ಅಲ್ಲಿ ಕೀರ್ತಿಮಂದಿರವು ತೆರೆಯಿತು. ಸರಕಾರವು ಶತಮಾನೋತ್ಸವದ ಅಂಚೆಚೀಟಿಯನ್ನೂ ಹೊರಡಿಸಿತು. ಅದೇ ವರ್ಷ ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯದ ರಾಬರ್ಟ್ ಹೆಂಡರ್ಸನ್ ಎಂಬ ಗ್ರಂಥಪಾಲಕನು, ಬಾಸ್ಟನ್ನಿನಲ್ಲಿ 1834ರಲ್ಲಿ ಅಚ್ಚಾದ ಆಟದ ನಿಯಮಗಳು 1828ರ ಲಂಡನ್ ಪುಸ್ತಕವೊಂದರ ರೌಂಡರ್ಸ್ ನಿಯಮಗಳ ಪ್ರತಿಯೇ ಎಂದು ಸಾಲು ಸಾಲಾಗಿ ತೋರಿಸಿಕೊಟ್ಟನು. ಉತ್ಸವದ ವಾದ್ಯಘೋಷದಲ್ಲಿ ಅವನ ಮಾತನ್ನು ಕೇಳಿದವರು ಸ್ವಲ್ಪ ಜನ. ಅವನ ದೊಡ್ಡ ಗ್ರಂಥವು 1947ರಲ್ಲಿ ಹೊರಬಿದ್ದಿತು. ಅವನ ಸಿದ್ಧಾಂತಕ್ಕೂ ಚಾಡ್ವಿಕ್ಕನ ಸಿದ್ಧಾಂತಕ್ಕೂ ಮುಂದೆ ತಿದ್ದುಪಡಿ ಬಂದಿತು: ರೌಂಡರ್ಸ್ ಎಂಬ ಹೆಸರು 1828ಕ್ಕೆ ಹಿಂದೆ ಅಚ್ಚಿನಲ್ಲಿ ಕಾಣದು, ಬೇಸ್‌ಬಾಲ್ ಎಂಬುದೇ ಹಳೆಯದು, ಆದುದರಿಂದ ರೌಂಡರ್ಸನ್ನು ತಾಯಿಯೆನ್ನುವುದು ಸಲ್ಲದೆಂದು ಡೇವಿಡ್ ಬ್ಲಾಕರು 2005ರಲ್ಲಿ ವಾದಿಸಿದರು. ದಾಖಲೆಯನ್ನು ನಂಬಿದವನ ತಪ್ಪನ್ನು ಇನ್ನೊಂದು ದಾಖಲೆ ತಿದ್ದಬಲ್ಲುದು; ಗ್ರೇವ್ಸನ ನೆನಪನ್ನು ಯಾವುದು ತಿದ್ದೀತು?

ವಿಗ್ರಹವನ್ನು ಒಡೆದವರು ಬರಿದಾದ ಪೀಠವನ್ನು ಸಹಿಸಲಾರರು. ಡಬಲ್‌ಡೇಯನ್ನು ಇಳಿಸಿದವರು ಅಲೆಕ್ಸಾಂಡರ್ ಕಾರ್ಟ್‌ರೈಟನನ್ನು ಏರಿಸಿದರು. ಒಂಬತ್ತು ಜನರ ತಂಡ, ಒಂಬತ್ತು ಸರದಿ, 90 ಅಡಿಯ ಅಂತರ ಇವೆಲ್ಲವನ್ನೂ ಅವನೇ ನಿಯಮಿಸಿದನೆಂದು ಕೀರ್ತಿಮಂದಿರದ ಫಲಕವು ಸಾರಿತು. ನಿಕರ್‌ಬಾಕರ್ ಸಂಘದ 1845ರ ನಿಯಮಗಳನ್ನು ಓದಿದರೆ ಈ ಮೂರೂ ಅಲ್ಲಿಲ್ಲ. 21 ಎಣಿಕೆ ಮುಟ್ಟಿದವರು ಗೆದ್ದಂತೆ. ಇವು ನಿಶ್ಚಯವಾದುದು 1857ರ ಸಮ್ಮೇಳನದಲ್ಲಿ. ಅಧ್ಯಕ್ಷನು ಡ್ಯಾನಿಯಲ್ ಆಡಮ್ಸ್ ಎಂಬ ವೈದ್ಯ. ಕಾರ್ಟ್‌ರೈಟನು 1849ರಲ್ಲಿಯೇ ನ್ಯೂಯಾರ್ಕನ್ನು ಬಿಟ್ಟು ಹವಾಯಿಗೆ ಹೋಗಿದ್ದನು. ಚರಿತ್ರೆಕಾರರು ಮರೆತಿದ್ದ ಆ ಸಮ್ಮೇಳನದ ಹಸ್ತಪ್ರತಿಗಳಿಗೆ 2016ರ ಹರಾಜಿನಲ್ಲಿ 32 ಲಕ್ಷ ಡಾಲರುಗಳಿಗೆ ಮಿಕ್ಕ ಬೆಲೆ ಬಂದಿತು. ಬೆಲೆಯನ್ನು ಮೊದಲು ಅರಿತವರು ವರ್ತಕರೆಂಬುದು ವಿದ್ವಾಂಸರಿಗೆ ಭೂಷಣವಲ್ಲ.

ವಿದ್ವಾಂಸರ ಮನೆಯೊಳಗೂ ದೋಷವಿಲ್ಲದಿಲ್ಲ. ಈ ಆಟದ ಆದಿಕಾಲದ ಮೇಲೆ ಹೆರಾಲ್ಡ್ ಸೀಮೋರನ ಹೆಸರಿನಲ್ಲಿ 1960ರಲ್ಲಿ ಹೊರಟ ಪ್ರೌಢಗ್ರಂಥಕ್ಕಾಗಿ ಹಳೆಯ ಪತ್ರಿಕೆಗಳನ್ನು ಹುಡುಕಿ ದುಡಿದವಳು ಅವನ ಹೆಂಡತಿ ಡೊರೊತಿ. ಮುಖಪುಟದಲ್ಲಿ ಅವಳ ಹೆಸರಿರಲಿಲ್ಲ. ಪ್ರಕಾಶಕರು ಅವಳನ್ನು ಸಹಲೇಖಕಿಯೆಂದು ಒಪ್ಪಲು ಅರ್ಧ ಶತಮಾನ ಹಿಡಿಯಿತು.

ಬ್ರೇಯ ದಿನಚರಿ ಸರ್ರಿ ಪ್ರಾಂತದ ಒಂದು ಕೊಟ್ಟಿಗೆಯಲ್ಲಿ ದೊರೆತು, 2008ರಲ್ಲಷ್ಟೇ ಪ್ರಾಮಾಣಿಕವೆಂದು ಸಿದ್ಧವಾಯಿತು. ಪಿಟ್ಸ್‌ಫೀಲ್ಡಿನ ನಿಬಂಧನೆಯನ್ನು 2004ರಲ್ಲಿ ಜಾನ್ ಥಾರ್ನರು ಬೆಳಕಿಗೆ ತಂದರು. ನ್ಯೂಬೆರಿಯ ಪುಸ್ತಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಪ್ರತಿಯು 1760ರ ಹತ್ತನೆಯ ಮುದ್ರಣದ್ದು. 1744ರದನ್ನು ಮಕ್ಕಳು ಓದಿ ಹರಿದುಹಾಕಿದರೋ ಏನೋ, ಇದುವರೆಗೆ ಒಂದೂ ಸಿಕ್ಕಿಲ್ಲ.