ಶಾಲೆಯ ಬಾಗಿಲಲ್ಲಿ ಯಾರಿಗೆ ಪರೀಕ್ಷೆ?

ಆಗಮನ ಕಾಲ ಆರಂಭವಾಗಿ ಕ್ರಿಸ್ತಜಯಂತಿಯ ಸಿದ್ಧತೆ ನಡೆಯುವ ದಿನಗಳಲ್ಲಿಯೇ ಹುಬ್ಬಳ್ಳಿ-ಧಾರವಾಡದ ನಮ್ಮ ಕುಟುಂಬಗಳಲ್ಲಿ ಇನ್ನೊಂದು ಸಿದ್ಧತೆಯೂ ಮೊದಲಾಗುತ್ತದೆ. ಬರುವ ಜೂನ್ ತಿಂಗಳಿಗೆ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಅರ್ಜಿ ಎಂದು ಕೊಡುತ್ತಾರೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾರಿಂದ ಹೇಳಿಸಿದರೆ ಸೀಟು ಸಿಕ್ಕೀತು ಎಂಬ ಚಿಂತೆ ಮನೆಮನೆಯನ್ನೂ ಹೊಕ್ಕಿರುತ್ತದೆ. ಇನ್ನೂ ಸ್ಪಷ್ಟವಾಗಿ ಮಾತು ಬಾರದ ಕಂದನಿಗೆ ಬಣ್ಣಗಳ ಹೆಸರನ್ನೂ ಹಣ್ಣುಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿಸುವ ತಾಯಂದಿರನ್ನು ನಾವು ಕಾಣುತ್ತೇವೆ. ದೀಕ್ಷಾಸ್ನಾನದ ಪ್ರಮಾಣಪತ್ರದೊಡನೆ ಒಂದು ಶಿಫಾರಸು ಪತ್ರವೂ ದೊರೆಯಲೆಂದು ಧರ್ಮಕೇಂದ್ರದ ಕಚೇರಿಗೆ ಬರುವ ತಂದೆಯರನ್ನೂ ಕಾಣುತ್ತೇವೆ.

ಅವರ ಕಳವಳವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ದೊಡ್ಡ ಶಾಲೆಯ ಗದ್ದಲಕ್ಕಿಂತ, ತರಗತಿಗೊಂದೇ ವಿಭಾಗವಿದ್ದು ಶಿಕ್ಷಕಿಗೆ ಪ್ರತಿ ಮಗುವಿನ ಹೆಸರೂ ಮನೆಯ ಸ್ಥಿತಿಯೂ ಗೊತ್ತಿರುವ ಚಿಕ್ಕ ಖಾಸಗಿ ಶಾಲೆಯೇ ಲೇಸೆಂದು ಅವರು ಬಯಸುವುದು ಸಹಜ. ಆದರೆ ಚಿಕ್ಕ ಶಾಲೆಯಲ್ಲಿ ಸ್ಥಳವೂ ಚಿಕ್ಕದು. ಮೂವತ್ತು ಸ್ಥಾನಗಳಿಗೆ ನೂರು ಅರ್ಜಿಗಳು ಬಂದರೆ ಎಪ್ಪತ್ತು ಮಕ್ಕಳು ಹಿಂದಿರುಗಲೇಬೇಕು. ಹಾಗಿದ್ದರೆ ಯಾರು ಒಳಗೆ, ಯಾರು ಹೊರಗೆ? ಇದು ಕೇವಲ ಆಡಳಿತದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಈ ಪ್ರಶ್ನೆ ನಮ್ಮ ಊರಿಗೆ ಹೊಸದೂ ಅಲ್ಲ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯದ ಮಹಾರ್ ಸಮುದಾಯದ ಬಾಲಕನೊಬ್ಬನ ಪರವಾಗಿ ಮುಂಬಯಿ ಸರಕಾರಕ್ಕೆ ಮನವಿ ಹೋಯಿತು. ಧಾರವಾಡವು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸರಕಾರವು ಆ ಬಾಲಕನ ಹಕ್ಕನ್ನು ಅಲ್ಲಗಳೆಯಲಿಲ್ಲ. ಆದರೆ ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಸಂಸ್ಥೆಯೇ ನಿಷ್ಪ್ರಯೋಜಕವಾದೀತು ಎಂಬ ಕಾರಣ ನೀಡಿ ಅವನನ್ನು ಹೊರಗಿರಿಸಿತು. ಈ ವಿಷಯ ಕಲಕತ್ತೆಗೂ ಲಂಡನ್ನಿಗೂ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು, ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ಸ್ಪಷ್ಟಪಡಿಸಿತು. ಆ ತತ್ವ ಕಾಗದದಿಂದ ತರಗತಿಯ ಕೋಣೆಗೆ ಇಳಿಯಲು ಮಾತ್ರ ಅನೇಕ ದಶಕಗಳೇ ಬೇಕಾದವು. ಡಾ. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗಕ್ಕೆ ಹೇಳಿಕೆ ಸಲ್ಲಿಸುವಾಗ ಧಾರವಾಡದ ಈ ಪ್ರಸಂಗವನ್ನು ಮರೆಯದೆ ಎತ್ತಿ ತೋರಿದರು.

‘ವಿದ್ಯಾಕಾಶಿ’ ಎಂದು ನಾವು ಹೆಮ್ಮೆಯಿಂದ ಕರೆಯುವ ಊರಿನ ಇತಿಹಾಸದಲ್ಲಿ ಈ ಪುಟವೂ ಇದೆ. ಅದರಲ್ಲಿ ನಮ್ಮನ್ನು ತಡೆದು ನಿಲ್ಲಿಸಬೇಕಾದದ್ದು ನಿರಾಕರಣೆಗೆ ಕೊಟ್ಟ ಕಾರಣ. ಬಾಲಕನಲ್ಲಿ ಯಾವ ಕೊರತೆಯನ್ನೂ ಯಾರೂ ಹೇಳಲಿಲ್ಲ. ಇತರರು ಒಪ್ಪುವುದಿಲ್ಲ, ಶಾಲೆಗೆ ನಷ್ಟವಾಗುತ್ತದೆ ಎಂಬುದೇ ಸಾಕಾಯಿತು. ಇಂದು ಜಾತಿಯ ಹೆಸರೆತ್ತಿ ಯಾವ ಶಾಲೆಯೂ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ‘ತಾಯಿಗೆ ಇಂಗ್ಲಿಷ್ ಬರುವುದಿಲ್ಲ, ಮನೆಯಲ್ಲಿ ಹೇಳಿಕೊಡುವವರಿಲ್ಲ, ತರಗತಿಯ ಮಟ್ಟ ಇಳಿದೀತು, ಉಳಿದ ಪಾಲಕರು ಏನೆಂದಾರು’ ಎಂಬ ಮಾತು ಸಭ್ಯವಾದ ಧ್ವನಿಯಲ್ಲಿ ಕೇಳಿಬಂದಾಗ, ಅದರ ತರ್ಕ ಹಳೆಯದೇ ಎಂಬುದನ್ನು ನಾವು ಗುರುತಿಸಬೇಕು. ಒಬ್ಬ ಮಗುವಿನ ಹಕ್ಕನ್ನು ಹಲವರ ಅನುಕೂಲದ ತಕ್ಕಡಿಯಲ್ಲಿಟ್ಟು ತೂಗುವ ತರ್ಕ ಅದು.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ನ್ಯಾಯವಾದ ಹಂಚಿಕೆಯನ್ನು ಕುರಿತು ಹೇಳುವಾಗ ಕೊಳಲಿನ ದೃಷ್ಟಾಂತವನ್ನು ಕೊಡುತ್ತಾನೆ. ಉತ್ತಮವಾದ ಕೊಳಲು ಯಾರಿಗೆ ಸಲ್ಲಬೇಕು? ಸಿರಿವಂತನಿಗಲ್ಲ, ಕುಲೀನನಿಗಲ್ಲ, ಚೆಲುವನಿಗಲ್ಲ, ಚೆನ್ನಾಗಿ ನುಡಿಸಬಲ್ಲವನಿಗೆ. ಏಕೆಂದರೆ ನುಡಿಸುವುದಕ್ಕಾಗಿಯೇ ಕೊಳಲು ಇರುವುದು. ವಸ್ತುವಿನ ಉದ್ದೇಶ ಯಾವುದೆಂದು ಅರಿತರೆ ಅದರ ಹಂಚಿಕೆಯ ನ್ಯಾಯವೂ ತಿಳಿಯುತ್ತದೆ ಎಂಬುದು ಅವನ ವಾದದ ತಿರುಳು. ಸಂದರ್ಶನ ನಡೆಸುವ ಆಡಳಿತ ಮಂಡಳಿಗಳು ತಿಳಿದೋ ತಿಳಿಯದೆಯೋ ಈ ವಾದವನ್ನೇ ಆಶ್ರಯಿಸುತ್ತವೆ: ಚುರುಕಾದ ಮಗುವಿಗೆ ಒಳ್ಳೆಯ ಶಾಲೆ. ಆದರೆ ಶಾಲೆಯ ಉದ್ದೇಶವೇನು? ಬಾರದ್ದನ್ನು ಕಲಿಸುವುದು. ಕೊಳಲು ನುಡಿಸಬಲ್ಲವನಿಗಾಗಿ ಇದೆ. ಶಾಲೆಯಾದರೋ ಇನ್ನೂ ನುಡಿಸಲರಿಯದವನಿಗಾಗಿ ಇದೆ. ಒಳಗೆ ಕೊಡಬೇಕಾದುದನ್ನು ಬಾಗಿಲಲ್ಲಿಯೇ ಕೇಳುವುದು, ಈಜು ಕಲಿತ ಮೇಲೆ ನೀರಿಗಿಳಿ ಎಂದಂತೆ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಇದಕ್ಕೆ ಉತ್ತರವಾಗಿ ಹೇಳುವವರಿದ್ದಾರೆ. ಮೊಳಕೆಯನ್ನು ನೋಡಿ ಬೆಳೆಯನ್ನು ಊಹಿಸಬಹುದು, ಸರಿ. ಆದರೆ ಬಿತ್ತುವ ಮೊದಲೇ ಫಸಲನ್ನು ತೋರಿಸೆಂದು ಹೊಲವನ್ನು ಕೇಳುವ ರೈತ ನಮ್ಮ ಎರೆಭೂಮಿಯಲ್ಲಿ ಯಾರೂ ಇಲ್ಲ. ಮೂರೂವರೆ ವರ್ಷದ ಮಗು ಅಪರಿಚಿತರೆದುರು ಬಾಯಿ ಬಿಡದಿದ್ದರೆ ಅದರಿಂದ ಅದರ ಬುದ್ಧಿಯ ಅಳತೆ ತಿಳಿಯುವುದಿಲ್ಲ. ಅದಕ್ಕೆ ಭಯವಾಗಿದೆ ಎಂಬುದಷ್ಟೇ ತಿಳಿಯುತ್ತದೆ.

ಈ ಮಾತನ್ನು ನಮ್ಮ ದೇಶದ ಕಾನೂನು ಒಪ್ಪಿಕೊಂಡಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು, ಪ್ರವೇಶಕ್ಕಾಗಿ ವಂತಿಗೆ ವಸೂಲು ಮಾಡುವುದನ್ನೂ, ಮಗುವನ್ನಾಗಲಿ ಪಾಲಕರನ್ನಾಗಲಿ ಆಯ್ಕೆಪರೀಕ್ಷೆಗೆ ಗುರಿಪಡಿಸುವುದನ್ನೂ ನಿಷೇಧಿಸುತ್ತದೆ. ವಂತಿಗೆಗೆ ಅದರ ಹತ್ತು ಪಟ್ಟಿನವರೆಗೆ ದಂಡ. ಆಯ್ಕೆಪರೀಕ್ಷೆಗೆ ಮೊದಲ ಬಾರಿ 25,000 ರೂಪಾಯಿ, ಮತ್ತೆ ಮಾಡಿದರೆ ಪ್ರತಿ ಬಾರಿ 50,000 ರೂಪಾಯಿಯವರೆಗೆ ದಂಡ. ಇದೇ ಕಾಯಿದೆ ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಕರ್ನಾಟಕದಲ್ಲಿ 2019ರಿಂದ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದು ನಿಯಮವನ್ನು ತಿದ್ದಲಾಯಿತು. ಬಡವರ ಪಾಲಿಗೆ ತೆರೆದಿದ್ದ ಬಾಗಿಲು ಹೀಗೆ ಬಹುಮಟ್ಟಿಗೆ ಮುಚ್ಚಿತು.

ಇಲ್ಲಿ ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕಾಗಿದೆ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಇದನ್ನು ಆಧರಿಸಿ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಈ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಅದನ್ನು ಪರಿಶೀಲಿಸಬೇಕೇ ಎಂಬ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ನ್ಯಾಯಾಲಯ ಮುಂದೆ ಏನನ್ನೇ ಹೇಳಲಿ, ನಮ್ಮ ಮುಂದಿರುವ ಪ್ರಶ್ನೆ ಬೇರೆ. ಕಾನೂನಿನಿಂದ ವಿನಾಯಿತಿ ದೊರೆತಾಗ ಮನಸ್ಸಾಕ್ಷಿಗೂ ವಿನಾಯಿತಿ ದೊರೆಯುತ್ತದೆಯೇ?

ನಮ್ಮ ಉತ್ತರ, ಇಲ್ಲ. 30ನೆಯ ವಿಧಿ ನಮಗೆ ಕೊಟ್ಟದ್ದು ನಮ್ಮ ಧ್ಯೇಯದಂತೆ ಶಾಲೆ ನಡೆಸುವ ಸ್ವಾತಂತ್ರ್ಯವನ್ನು. ಆ ಧ್ಯೇಯ ಯಾವುದು? 1597ರಲ್ಲಿ ರೋಮಿನ ಬಡ ಬಡಾವಣೆಯೊಂದರಲ್ಲಿ ಸಂತ ಜೋಸೆಫ್ ಕಲಸಾಂಸ್ ಅವರು ಉಚಿತ ಶಾಲೆಯನ್ನು ತೆರೆದದ್ದು ಬೀದಿಯ ಮಕ್ಕಳಿಗಾಗಿ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು, ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ಕಥೋಲಿಕ ಶಾಲೆಗಳು ವಿಶೇಷವಾಗಿ ಲಕ್ಷ್ಯದಲ್ಲಿರಿಸಬೇಕೆಂದು ಹೇಳಿತು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ದುಡಿಮೆಯನ್ನು ನಂಬಿ ಇಲ್ಲಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ಅಂದು ಅವರ ಮಕ್ಕಳ ತಾಯ್ತಂದೆಯರ ಇಂಗ್ಲಿಷನ್ನು ಪರೀಕ್ಷಿಸಿಯೇ ಒಳಗೆ ಬಿಡುವುದಾಗಿದ್ದರೆ, ಇಂದು ನಮ್ಮಲ್ಲಿರುವ ಶಿಕ್ಷಕರೂ ದಾದಿಯರೂ ಅಧಿಕಾರಿಗಳೂ ಎಷ್ಟು ಮಂದಿ ಇರುತ್ತಿದ್ದರು?

ಹಾಗಾದರೆ ನೂರು ಅರ್ಜಿಗಳ ನಡುವೆ ಮೂವತ್ತನ್ನು ಆರಿಸುವುದು ಹೇಗೆಂದು ಆಡಳಿತದವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮನೆಯ ಸಮೀಪತೆ, ಅಣ್ಣ ಅಥವಾ ಅಕ್ಕ ಅದೇ ಶಾಲೆಯಲ್ಲಿರುವುದು, ನಮ್ಮ ಸಮುದಾಯದ ಬಡ ಮಕ್ಕಳಿಗೆ ಮೀಸಲಿಟ್ಟ ಸ್ಥಾನ, ಇವೆಲ್ಲವನ್ನೂ ಮೊದಲೇ ಬರೆದು ಸೂಚನಾ ಫಲಕದಲ್ಲಿ ಹಾಕಲಿ. ಉಳಿದ ಸ್ಥಾನಗಳಿಗೆ ಎಲ್ಲರೆದುರು ಚೀಟಿ ಎತ್ತಲಿ. ಚೀಟಿ ಎತ್ತುವುದು ನಮಗೆ ಪರಕೀಯವಲ್ಲ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಪ್ರೇಷಿತರು ಚೀಟಿ ಹಾಕಿಯೇ ಆರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ಮೊದಲು ಅರ್ಹರಾದ ಇಬ್ಬರನ್ನು ಗುರುತಿಸಿದರು ಎಂದು ಯಾರಾದರೂ ನೆನಪಿಸಬಹುದು. ನಿಜ, ಶಾಲೆಗೆ ಬೇಕಾದ ಅರ್ಹತೆಯಾದರೋ ಮಗುವಾಗಿರುವುದೊಂದೇ. ಪಾಲಕರ ಪರಿಚಯ ಶಾಲೆಗೆ ಅಗತ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಭೇಟಿ ಪ್ರವೇಶದ ನಂತರ ನಡೆಯಲಿ. ಆಗ ಅದು ಪರೀಕ್ಷೆಯಾಗದೆ ಸಹಕಾರವಾಗುತ್ತದೆ.

ಪಾಲಕರಲ್ಲಿಯೂ ನಮ್ಮ ವಿನಂತಿ ಇದೆ. ಶಿಫಾರಸು ಪತ್ರದಿಂದ ಒಂದು ಮಗು ಒಳಗೆ ಹೋದಾಗ, ಹೇಳುವವರಿಲ್ಲದ ಇನ್ನೊಂದು ಮಗು ಹೊರಗುಳಿಯುತ್ತದೆ. ಆ ಮಗುವೂ ಯಾರದೋ ಮನೆಯ ಬೆಳಕೇ. ದೀಕ್ಷಾಸ್ನಾನದ ದಾಖಲೆಯನ್ನು ಕೇಳಿ, ಅದು ನಿಮ್ಮ ಹಕ್ಕು. ಆದರೆ ವಶೀಲಿಯನ್ನು ಧರ್ಮಕೇಂದ್ರದಿಂದ ಅಪೇಕ್ಷಿಸಬೇಡಿ. ಶಾಲೆ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವು ಶಾಲೆಯನ್ನು ಪರೀಕ್ಷಿಸಿ. ಅದಕ್ಕೆ ಸರಕಾರದ ಮಾನ್ಯತೆ ಇದೆಯೇ, ಎಷ್ಟನೆಯ ತರಗತಿಯವರೆಗೆ ಇದೆ ಎಂದು ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಕಾಯಿದೆಯು ಕೆಳಗಿನ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಪ್ರಮಾಣವನ್ನು ಹೇಳುತ್ತದೆ. ನೀವು ನೋಡುವ ಶಾಲೆಯಲ್ಲಿ ಎಷ್ಟಿದೆಯೆಂದು ಕಣ್ಣಾರೆ ಕಂಡು ಬನ್ನಿ. ಕುಡಿಯುವ ನೀರು, ಶೌಚಾಲಯ, ಆಡಲು ಒಂದಿಷ್ಟು ಬಯಲು ಇವನ್ನೂ ನೋಡಿ. ಸಾಲ ಮಾಡಿ ಹೆಸರಾಂತ ಶಾಲೆಯ ಶುಲ್ಕ ತುಂಬುವುದಕ್ಕಿಂತ, ನೆಮ್ಮದಿಯ ಮನೆಯಿಂದ ಸಾಧಾರಣ ಶಾಲೆಗೆ ಹೋಗುವುದು ಮಗುವಿಗೆ ಹಿತ. ಹತ್ತಿರದ ಸರಕಾರಿ ಶಾಲೆಯನ್ನೂ ಒಮ್ಮೆ ಹೊಕ್ಕು ನೋಡದೆ ತಳ್ಳಿಹಾಕಬೇಡಿ.

ಸೀಟು ಸಿಗದಿದ್ದರೆ, ‘ನೀನು ಸರಿಯಾಗಿ ಹೇಳಲಿಲ್ಲ, ಅದಕ್ಕೇ ಆಗಲಿಲ್ಲ’ ಎಂಬ ಮಾತು ಮನೆಯಲ್ಲಿ ಎಂದೂ ಬಾರದಿರಲಿ. ಮಗು ಅನುತ್ತೀರ್ಣವಾಗಿಲ್ಲ, ಸ್ಥಳ ಸಾಲಲಿಲ್ಲ, ಅಷ್ಟೇ. ಪ್ರಭುವಿನ ಬಳಿಗೆ ಮಕ್ಕಳನ್ನು ತಂದವರನ್ನು ಶಿಷ್ಯರು ಗದರಿಸಿದಾಗ, ಆತನು ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಬಾಗಿಲು ಕಾಯುತ್ತಿದ್ದವರ ಮೇಲೆ. ಪ್ರವೇಶದ ಕಾಲದಲ್ಲಿ ನಿಜವಾದ ಪರೀಕ್ಷೆಗೆ ಒಳಗಾಗುವವರು ಬಾಗಿಲಿನ ಒಳಗಿರುವ ನಾವೇ ಎಂಬುದನ್ನು ಶಾಲೆಗಳನ್ನು ನಡೆಸುವ ನಾವೆಲ್ಲರೂ ನೆನಪಿಡಬೇಕಾಗಿದೆ.